ಹಂದರ ಬಿಚ್ಚಿದ ಮೇಲೆ

ಬಾಲ್ಯವಿವಾಹದ ಸುದ್ದಿ ಕೊಡಲು ಮಕ್ಕಳ ಸಹಾಯವಾಣಿ 1098ಕ್ಕೆ ಬರುವ ಕರೆ ಎರಡು ನಿಮಿಷದ್ದು. ಮಾತಾಡುವವರು ದನಿ ತಗ್ಗಿಸಿರುತ್ತಾರೆ. ಹುಡುಗಿಯ ಗೆಳತಿಯೋ, ಅದೇ ಓಣಿಯವರೋ, ಒಮ್ಮೊಮ್ಮೆ ಹುಡುಗಿಯೇ. ಹಿಂದೆ ಯಾರೋ ಬಂದ ಸಪ್ಪಳವಾದರೆ ಫೋನ್ ಇಟ್ಟುಬಿಡುತ್ತಾರೆ. ಹಾಗಾಗಿ ಕೇಳುವ ಕ್ರಮ ಬಾಯಿಪಾಠ ಇರಬೇಕು: ಊರು, ಓಣಿ, ಅಪ್ಪನ ಹೆಸರು, ಮದುವೆ ಯಾವತ್ತು, ಎಲ್ಲಿ. ಕರೆ ಮಾಡಿದವರ ಹೆಸರು ಕೇಳುವುದೇ ಇಲ್ಲ. ಅವರಾಗಿ ಹೇಳಿದರೂ ಕಡತದಲ್ಲಿ ಬರೆಯುವುದಿಲ್ಲ.

ಮೊದಲ ತಪ್ಪು ಆಗುವುದು ಊರಿನ ಹೆಸರಿನಲ್ಲೇ. ಕಲಬುರಗಿ, ಯಾದಗಿರಿ, ಬೀದರ್ ಕಡೆ ಒಂದೇ ಹೆಸರಿನ ಊರುಗಳು ಜೋಡಿಯಾಗಿರುತ್ತವೆ. ಒಂದು ಬುದ್ರುಕ್, ಇನ್ನೊಂದು ಖುರ್ದ್, ಬರೆಯುವಾಗ ಬಿ ಮತ್ತು ಕೆ. ಊರವರು ಆ ಬಾಲ ಸೇರಿಸಿ ಹೇಳುವುದಿಲ್ಲ. ಅದರ ಮೇಲೆ ಊರಿಗೊಂದು ತಾಂಡಾ ಬೇರೆ. 'ಬಿ'ಗೆ ಹೋಗಬೇಕಾದ ಜೀಪು 'ಕೆ'ಗೆ ಹೋಗಿ ವಿಚಾರಿಸಿತೆಂದರೆ ಸುದ್ದಿ ನಮಗಿಂತ ಮುಂಚೆ ಮದುವೆ ಮನೆ ಮುಟ್ಟುತ್ತದೆ, ಸಂಜೆಯೊಳಗೆ ಹುಡುಗಿ ಬೇರೆ ಊರಿನಲ್ಲಿರುತ್ತಾಳೆ. ಸಾಲಿ ಎಲ್ಲಿದೆ, ಅದರ ಹತ್ತಿರ ಯಾವ ಗುಡಿ ಇದೆ ಎಂದು ಕೇಳಿದರೆ ಗೊಂದಲ ಬಗೆಹರಿಯುತ್ತದೆ. ಹುಡುಗಿಯ ಹೆಸರೂ ಎರಡಿರುತ್ತವೆ. ಮನೆಯಲ್ಲಿ ಕರೆಯುವುದು ಒಂದು, ಸಾಲಿಯ ಹಾಜರಿಯಲ್ಲಿರುವುದು ಇನ್ನೊಂದು. ಎಷ್ಟನೇ ಇಯತ್ತೆ ಎಂಬುದು ಗೊತ್ತಾದರೆ ಅಪ್ಪನ ಹೆಸರು ಹಿಡಿದು ಹುಡುಕಬಹುದು.

ಮುಂದಿನ ಪ್ರಶ್ನೆ ನಮ್ಮಲ್ಲೇ: ಕಡತ ಯಾರದು? ಕರ್ನಾಟಕದಲ್ಲಿ ಬಾಲ್ಯವಿವಾಹ ನಿಷೇಧಾಧಿಕಾರಿಗಳು ಬಹಳ ಮಂದಿ. ತಹಶೀಲ್ದಾರ್, ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಅಂಗನವಾಡಿ ಮೇಲ್ವಿಚಾರಕಿ, ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಗ್ರಾಮ ಆಡಳಿತಾಧಿಕಾರಿ, ಮುಖ್ಯ ಶಿಕ್ಷಕರು, ಎಲ್ಲರಿಗೂ ಅಧಿಕಾರ ಉಂಟು. ಕಾಗದದ ಮೇಲೆ ಇದು ಒಳ್ಳೆಯದೇ. ನಡೆಯುವಾಗ ಪಿಡಿಓ 'ಸಿಡಿಪಿಓ ನೋಡಿಕೊಳ್ತಾರೆ' ಅಂದುಕೊಳ್ಳುತ್ತಾರೆ, ಸಿಡಿಪಿಓ ಪೊಲೀಸರ ದಾರಿ ಕಾಯುತ್ತಾರೆ, ಪೊಲೀಸರು 'ಲಿಖಿತ ದೂರು ಎಲ್ಲಿ?' ಎನ್ನುತ್ತಾರೆ. ಅದಕ್ಕೇ ಕರೆ ಬಂದ ಗಂಟೆಯೊಳಗೆ ಒಬ್ಬ ಅಧಿಕಾರಿಯ ಹೆಸರಿಗೆ ಕಡತ ತೆರೆದು, ಉಳಿದವರಿಗೆ ಅದರ ಸಂಖ್ಯೆ ಕೊಟ್ಟುಬಿಡಬೇಕು.

ವಯಸ್ಸಿನ ದಾಖಲೆ ಕೈಯಲ್ಲಿಲ್ಲದೆ ಮದುವೆ ಮನೆಯ ಹೊಸ್ತಿಲು ತುಳಿಯುವುದು ಸೋಲನ್ನು ಕರೆದಂತೆ. ಅಲ್ಲಿ ಎದುರಾಗುವುದು ಆಧಾರ್ ಕಾರ್ಡು. 'ನೋಡ್ರಿ ಅಕ್ಕೋರ, ಹದಿನೆಂಟು ತುಂಬ್ಯಾದ' ಎಂದು ಝೆರಾಕ್ಸ್ ಮುಂದೆ ಹಿಡಿಯುತ್ತಾರೆ. ಆಧಾರ್ ಜನ್ಮದಿನಾಂಕಕ್ಕೆ ಪುರಾವೆಯಲ್ಲ. ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದ್ದೂ ಅದನ್ನೇ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮು ಕ್ರಮವನ್ನು ಹಾಕಿಕೊಟ್ಟಿದೆ: ಮೊದಲು ಸಾಲಿಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಇವೆರಡೂ ಇಲ್ಲದಾಗ ಮಾತ್ರ ಎಲುಬಿನ ಪರೀಕ್ಷೆ ಅಥವಾ ಬೇರೆ ವೈದ್ಯಕೀಯ ಪರೀಕ್ಷೆ. ಮಣಿಕಟ್ಟು, ಮೊಣಕೈ, ಸೊಂಟದ ಎಕ್ಸ್‌ರೇ ತೆಗೆದು ಹೇಳುವ ವಯಸ್ಸು ಎರಡು ವರ್ಷ ಆಚೀಚೆ ಆಗಬಹುದು. ಹದಿನಾರರ ಹುಡುಗಿಯನ್ನು ಅಲ್ಲಿಗೆ ಕರೆದೊಯ್ದರೆ ಎದುರು ಪಕ್ಷದ ವಕೀಲರಿಗೆ ನಾವೇ ಹದಿನೆಂಟನ್ನು ಕೈಗಿಟ್ಟಂತಾಗುತ್ತದೆ. ಸಾಲಿ ದಾಖಲೆ ಇದ್ದೂ ಎಕ್ಸ್‌ರೇಗೆ ಬರೆದುಕೊಡುವ ಉತ್ಸಾಹ ಕೆಲವು ಕಡೆ ಇದೆ. ಅದನ್ನು ತಡೆಯಬೇಕು.

ಸಾಲಿಯ ದಾಖಲಾತಿ ರಿಜಿಸ್ಟರ್ ಸಿಗುವುದೇ ದೊಡ್ಡ ಪಾಡು. ನಮ್ಮ ಕಡೆ ಲಗ್ನಗಳು ಏಪ್ರಿಲ್, ಮೇ ತಿಂಗಳಲ್ಲಿ. ತೊಗರಿ ರಾಶಿ ಮುಗಿದು ಕೈಯಲ್ಲಿ ನಾಕು ದುಡ್ಡು ಇರುತ್ತದೆ, ಪುಣೆ, ಮುಂಬಯಿ, ಬೆಂಗಳೂರಿಗೆ ದುಡಿಯಲು ಹೋದವರು ಯುಗಾದಿಗೆ ಬಂದಿರುತ್ತಾರೆ. ಅದೇ ಹೊತ್ತಿಗೆ ಸಾಲಿಗೆ ಬೇಸಿಗೆ ರಜೆ, ಅಲಮಾರಿಗೆ ಬೀಗ, ಕೀಲಿ ಮುಖ್ಯ ಶಿಕ್ಷಕರ ಜೊತೆ ಅವರ ಊರಿಗೆ. ಬಿಸಿಲಿಗಾಗಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. 2 ಗಂಟೆಗೆ ಬಂದ ಕರೆಗೆ ದಾಖಲೆ ಹುಡುಕುವುದು ಮರುದಿನದ ಮಾತು. ಎರಡು ದಾರಿಗಳಿವೆ. ಒಂದು, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಸ್ಯಾಟ್ಸ್, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯ, ಮಾಹಿತಿ ತೆಗೆಸಿ ಮೊಹರು ಹಾಕಿಸುವುದು. ಇನ್ನೊಂದು ನಮ್ಮವರಿಗೇ ಮರೆತುಹೋಗಿರುವ ದಾರಿ: ಹೆಣ್ಣುಮಗುವಿನ ಹೆಸರಿನಲ್ಲಿ ಸರ್ಕಾರ ಬಾಂಡ್ ಇಡುವ ಭಾಗ್ಯಲಕ್ಷ್ಮಿ ಯೋಜನೆಯ ಕಡತ. ಈಗ ಮದುವೆಗೆ ನಿಂತಿರುವ ಹುಡುಗಿಯರು ಹುಟ್ಟುವ ಹೊತ್ತಿಗೆ ಆ ಯೋಜನೆ ಬಂದಿತ್ತು. ಬಿಪಿಎಲ್ ಮನೆಯ ಮಗುವಿನ ನೋಂದಣಿಗೆ ಜನನ ಪ್ರಮಾಣಪತ್ರ ಕೊಟ್ಟಿರಲೇಬೇಕು. ಅಂದರೆ ನಾವು ಊರೂರು ಹುಡುಕುವ ಕಾಗದ ಸಿಡಿಪಿಓ ಕಚೇರಿಯಲ್ಲೇ ಒಂದು ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ. ಬಾಂಡಿನ ಷರತ್ತಿನಲ್ಲೇ ಹದಿನೆಂಟರ ಮೊದಲು ಮದುವೆ ಮಾಡಬಾರದು ಎಂದಿದೆ. ಅಪ್ಪನೆದುರು ಕಾಯ್ದೆ ಓದುವುದಕ್ಕಿಂತ ಆ ಬಾಂಡ್ ತೋರಿಸುವುದು ಹೆಚ್ಚು ಕೆಲಸ ಮಾಡುತ್ತದೆ.

ರಿಜಿಸ್ಟರ್ ತೆರೆದಾಗ ಪುಟಗಟ್ಟಲೆ ಮಕ್ಕಳು ಜೂನ್ 1ರಂದೇ ಹುಟ್ಟಿರುವುದು ಕಾಣುತ್ತದೆ. ಒಂದನೇ ಇಯತ್ತೆಗೆ ಸೇರಿಸುವ ದಿನ ಮಾಸ್ತರರು ಅಂದಾಜಿಗೆ ಬರೆದ ತಾರೀಖು ಅದು. ಅಂದಾಜೇ ಆದರೂ, ಅದನ್ನು ಸುಳ್ಳೆಂದು ತೋರಿಸುವ ಬೇರೆ ದಾಖಲೆ ಬರುವ ತನಕ ನಮ್ಮ ಕೆಲಸಕ್ಕೆ ಅದೇ ತಾರೀಖು.

ಹೋಗುವುದು ಲಗ್ನಕ್ಕೆ ಕನಿಷ್ಠ ಎರಡು ದಿನ ಮುಂಚೆ. ಅರಿಶಿಣ ಹಚ್ಚಿದ ಮೇಲೆ ಹೋದರೆ ಮಾತು ಕೇಳುವ ಕಿವಿ ಆ ಮನೆಯಲ್ಲಿ ಉಳಿದಿರುವುದಿಲ್ಲ. ಪೊಲೀಸ್ ಜೀಪು ಊರ ಅಗಸಿಯ ಹೊರಗೆ ನಿಲ್ಲಬೇಕು. ಊರಿನ ಅಂಗನವಾಡಿ ಕಾರ್ಯಕರ್ತೆ, ಆಶಾ ನಮ್ಮ ಜೊತೆ ಆ ಬಾಗಿಲಿಗೆ ಬರಬಾರದು. ಅವರು ನಾಳೆಯೂ ಅದೇ ಓಣಿಯಲ್ಲಿ ಬಾಳಬೇಕಾದವರು, ಸುದ್ದಿ ಕೊಟ್ಟಿದ್ದು ಇವರೇ ಎಂದು ಊರು ತೀರ್ಮಾನಿಸಿಬಿಡುತ್ತದೆ. ರಾಜಸ್ಥಾನದಲ್ಲಿ ಸರ್ಕಾರದ ಕಾರ್ಯಕ್ರಮದಡಿ ದುಡಿಯುತ್ತಿದ್ದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದರು. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ 1997ರಲ್ಲಿ ಬಂದ ವಿಶಾಖಾ ಮಾರ್ಗಸೂಚಿಯ ಮೂಲ ಆ ಪ್ರಕರಣ. ಕೆಳಗಿನ ಹಂತದ ಹೆಣ್ಣುಮಗಳನ್ನು ಮುಂದೆ ಮಾಡಿ ಸಾಹೇಬರು ಹಿಂದೆ ನಿಲ್ಲುವ ಚಾಳಿ ಈಗಲೂ ಹೋಗಿಲ್ಲ.

ಬಾಗಿಲಲ್ಲಿ ಮೊದಲ ಮಾತು ಮದುವೆಯದಲ್ಲ, ನೀರು ಕೇಳುವುದು. ಒಬ್ಬರು ಹುಡುಗಿಯ ಜೊತೆ ಒಳಗೆ ಬೇರೆ ಕೂರಬೇಕು, ಹೆಣ್ಣುಮಗಳೇ ಆಗಿರಬೇಕು. ಉಳಿದವರು ಅಂಗಳದಲ್ಲಿ. ಕಣ್ಣಿಗೆ ಬೀಳುವ ಗುರುತುಗಳಿವೆ. ಲಗ್ನಪತ್ರಿಕೆಯಲ್ಲಿ ಅಕ್ಕನ ಹೆಸರು ಮಾತ್ರ ಇದ್ದು, ಮನೆಯಲ್ಲಿ ಬಾಸಿಂಗ ಎರಡು ಜೊತೆ ಇದ್ದರೆ ತಂಗಿಯದೂ ಅದೇ ಹಂದರದಲ್ಲಿ ಎಂದು ಅರ್ಥ. ಇದು ಬಹಳ ಸಾಮಾನ್ಯ. ಎರಡು ಸಲ ಹಂದರ, ಎರಡು ಸಲ ಹುಗ್ಗಿ ಮಾಡುವ ಶಕ್ತಿ ಇಲ್ಲದ ಮನೆ ಒಂದೇ ಖರ್ಚಿನಲ್ಲಿ ಮುಗಿಸಲು ನೋಡುತ್ತದೆ. ಇಂಥಲ್ಲಿ ಅಕ್ಕನಿಗೆ ಹದಿನೆಂಟು ತುಂಬಿದ್ದರೆ ಅವಳ ಲಗ್ನ ನಡೆಯಲಿ ಎಂದು ನಾವೇ ಹೇಳಬೇಕು. ಎರಡನ್ನೂ ನಿಲ್ಲಿಸುತ್ತಾರೆಂಬ ಹೆದರಿಕೆ ಹೋದರೆ ಅಂಗಳದ ಅರ್ಧ ಸಿಟ್ಟು ಇಳಿಯುತ್ತದೆ. ಹಾಗೆಯೇ ವರನಿಗೆ 21 ಆಗಿದೆಯೇ ಎಂದು ನೋಡುವುದನ್ನು ಎಷ್ಟೋ ತಂಡಗಳು ಮರೆಯುತ್ತವೆ. ವರ ಸೋದರಮಾವನಾಗಿದ್ದರೆ ಎರಡೂ ಕಡೆಯವರು ಒಂದೇ ಮನೆಯವರು, ಮಾತು ಒಡೆಯುವುದಿಲ್ಲ.

'ಗೋಧಿ ಹಾಕಿಸೀವಿ, ಅಡಗಿಯವ್ರಿಗಿ ಮುಂಗಡ ಕೊಟ್ಟೀವಿ, ಈಗ ಬಂದು ನಿಲ್ಸಂದ್ರ ಹ್ಯಾಂಗ್ರಿ ಅಕ್ಕೋರ?' ಎಂದು ಅಪ್ಪ ಕೇಳುತ್ತಾನೆ. 'ನಂದು ಹನ್ನೆರಡಕ್ಕ ಆಗಿತ್ತು, ನಾ ಏನ್ ಸತ್ತೀನೇನು?' ಎನ್ನುವುದು ಆಯಿಯ ಪ್ರಶ್ನೆ. ಎರಡಕ್ಕೂ ಕಾಯ್ದೆ ಉತ್ತರವಲ್ಲ. ಸಾವುಕಾರನ ಸಾಲ ಎಷ್ಟು, ಬಡ್ಡಿ ಎಷ್ಟು, ದುಡಿಯಲು ಹೋಗುವಾಗ ಹುಡುಗಿಯನ್ನು ಎಲ್ಲಿ ಬಿಡುತ್ತಾರೆ, ಇವನ್ನು ಕೂತು ಕೇಳಬೇಕು. ಗುಳೆ ಹೋಗುವ ಅಪ್ಪ ಅಮ್ಮನಿಗೆ ವಯಸ್ಸಿಗೆ ಬಂದ ಮಗಳನ್ನು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಇಟ್ಟುಕೊಳ್ಳುವುದೂ ಭಯ, ಊರಿನಲ್ಲಿ ಬಿಡುವುದೂ ಭಯ. ಲಗ್ನ ಆ ಭಯಕ್ಕೆ ಹುಡುಕಿಕೊಂಡ ಮದ್ದು. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲೋ ಬೇರೆ ವಸತಿ ಸಾಲಿಯಲ್ಲೋ ಸೀಟು ಕೊಡಿಸುತ್ತೇವೆ ಎಂದು ಹೇಳುವ ಮೊದಲು ಅಲ್ಲಿ ಜಾಗ ಇದೆಯೇ ಎಂದು ಫೋನ್ ಮಾಡಿ ಕೇಳಿರಬೇಕು. ಒಮ್ಮೆ ಸುಳ್ಳಾದ ಮಾತಿನಿಂದ ಮುಂದಿನ ಹತ್ತು ಮನೆಗಳ ಬಾಗಿಲು ಮುಚ್ಚುತ್ತದೆ.

ಹೆಚ್ಚಿನ ಕಡೆ ಈ ಹಂತದಲ್ಲೇ ಕೆಲಸ ಕೆಡುತ್ತದೆ, ಮುಚ್ಚಳಿಕೆಯಿಂದ. ಅಪ್ಪ ಅಮ್ಮನಿಂದ 'ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲ' ಎಂದು ಛಾಪಾ ಕಾಗದದ ಮೇಲೆ ಬರೆಸಿ, ಹೆಬ್ಬೆಟ್ಟು ಒತ್ತಿಸಿ, ಗುಂಪಿನ ಫೋಟೊ ತೆಗೆದು, ಮರುದಿನ ಪತ್ರಿಕೆಯಲ್ಲಿ 'ಬಾಲ್ಯವಿವಾಹ ತಡೆದ ಅಧಿಕಾರಿಗಳು' ಎಂದು ಬರುವುದರೊಂದಿಗೆ ಕಡತ ಮುಗಿಯುತ್ತದೆ. ಆ ಕಾಗದ ಮುರಿದರೆ ಅದರ ಬಲದಿಂದಲೇ ಯಾರಿಗೂ ಶಿಕ್ಷೆ ಆಗುವುದಿಲ್ಲ. ಹದಿನೈದು ದಿನಕ್ಕೆ ಹುಡುಗಿ 'ಅತ್ತೀ ಊರಿಗಿ ಹೋಗ್ಯಾಳ.' ಗಡಿ ಬಹಳ ದೂರವೇನೂ ಅಲ್ಲ. ಆಳಂದದಿಂದ ಅಕ್ಕಲಕೋಟೆ, ಗುರುಮಠಕಲ್‌ನಿಂದ ನಾರಾಯಣಪೇಟೆ, ಬೀದರ್‌ನಿಂದ ಜಹೀರಾಬಾದ್. ಬೆಳಗಿನ ನಾಲ್ಕಕ್ಕೆ ಯಾವುದೋ ಗುಡಿಯಲ್ಲಿ ಅಕ್ಕಿಕಾಳು ಬಿದ್ದಿರುತ್ತದೆ. 2017ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯಂತೆ ಇಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಗಡಿಯಾಚೆ ನಡೆಯುವುದು ಮೂಲ ಕಾಯ್ದೆ, ಅಂದರೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ. ಅದರಂತೆ ಮದುವೆ ರದ್ದಾಗಲು ಹುಡುಗಿಯೇ ಅರ್ಜಿ ಹಾಕಬೇಕು, ವಯಸ್ಕಳಾಗಿ ಎರಡು ವರ್ಷದೊಳಗೆ. ಹುಡುಗಿಯನ್ನು ಗಡಿ ದಾಟಿಸಿದವರಿಗೆ ಈ ಕಲಮು ಗೊತ್ತಿರುವುದಿಲ್ಲ, ಆದರೆ ಲಾಭ ಮಾತ್ರ ಅವರಿಗೇ ಸಿಗುತ್ತದೆ.

ಮುಚ್ಚಳಿಕೆ ಬೇಡವೆಂದಲ್ಲ. ಅದರ ಜೊತೆ ತಡೆಯಾಜ್ಞೆ ಬೇಕು. 2006ರ ಕಾಯ್ದೆಯ 13ನೇ ಕಲಮಿನಡಿ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳ ಮುಂದೆ ಅರ್ಜಿ ಹಾಕಬೇಕು. ತುರ್ತು ಇದ್ದರೆ ಎದುರುದಾರರಿಗೆ ನೋಟಿಸು ಇಲ್ಲದೆಯೂ ಮಧ್ಯಂತರ ಆಜ್ಞೆ ಸಿಗುತ್ತದೆ. ಅರ್ಜಿಯ ಜೊತೆ ಸಾಲಿ ದಾಖಲೆಯ ದೃಢೀಕೃತ ಪ್ರತಿ, ಲಗ್ನಪತ್ರಿಕೆ ಅಥವಾ ವಾಟ್ಸಾಪ್‌ನಲ್ಲಿ ಬಂದ ಕರೆಯೋಲೆಯ ಪ್ರಿಂಟು, ಪಂಚನಾಮೆ, ಅಧಿಕಾರಿಯ ವರದಿ ಇರಬೇಕು. ಎದುರುದಾರರ ಪಟ್ಟಿಯಲ್ಲಿ ಹುಡುಗಿಯ ಅಪ್ಪನ ಹೆಸರೊಂದೇ ಹಾಕುವುದು ತಪ್ಪು. ಅಮ್ಮ, ವರ, ವರನ ಅಪ್ಪ, ಲಗ್ನ ಮಾಡಿಸುವವರು, ಮಂಟಪದ ಮಾಲೀಕರು, ಎಲ್ಲರ ಹೆಸರೂ ಇರಲಿ. ಆಜ್ಞೆ ಮೀರಿ ನಡೆದ ಮದುವೆ ಮೂಲ ಕಾಯ್ದೆಯಂತೆಯೇ ಅಸಿಂಧು, ಮೀರಿದವರಿಗೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಡಿಯಾಚೆ ಕರೆದೊಯ್ಯುವವರಿಗೆ ಎದುರು ಹಿಡಿಯಲು ನಮ್ಮ ಬಳಿ ಇರುವುದು ಈ ಒಂದು ಕಾಗದ. ಹಾಗಿದ್ದೂ ಅರ್ಜಿಗಳು ಕಡಿಮೆ. ಕಾರಣ ಸೀದಾ ಇದೆ: ಮುಚ್ಚಳಿಕೆ ಒಂದು ತಾಸಿನ ಕೆಲಸ, ಅರ್ಜಿ ಎರಡು ದಿನದ್ದು.

ಹುಡುಗಿ ಮನೆಯಲ್ಲಿ ಉಳಿದರೆ ಅಪಾಯ ಅನ್ನಿಸಿದರೆ 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಹೊತ್ತು ಅದರಲ್ಲಿ ಸೇರುವುದಿಲ್ಲ. ಸಮಿತಿ ಆ ದಿನ ಕೂಡದಿದ್ದರೆ ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು. ಇದು ಗೊತ್ತಿಲ್ಲದೆ ಹುಡುಗಿಯನ್ನು ಠಾಣೆಯ ಬೆಂಚಿನ ಮೇಲೆ ರಾತ್ರಿ ಕೂರಿಸಿದ್ದುಂಟು. ಅದು ಆಗಕೂಡದು. ಬಾಲಮಂದಿರಕ್ಕೆ ಕಳಿಸುವುದು ಕೊನೆಯ ದಾರಿ. ಅಲ್ಲಿಂದ ಬಂದವಳನ್ನು ಊರು 'ಓಡಿಹೋಗಿದ್ದವಳು' ಎಂದೇ ನೋಡುತ್ತದೆ, ಮನೆಯವರು ಮರ್ಯಾದೆಗಂಜಿ ಇನ್ನೂ ಬೇಗ ಲಗ್ನ ಮಾಡಲು ಓಡಾಡುತ್ತಾರೆ.

ಅಕ್ಷಯ ತೃತೀಯದ ದಿನ ಬೇರೆಯೇ ಲೆಕ್ಕ. ಬಸವ ಜಯಂತಿಯೂ ಅಂದೇ, ಸಾಮೂಹಿಕ ವಿವಾಹಗಳೂ ಅಂದೇ. ಆ ದಿನದ ಮಟ್ಟಿಗೆ ಕಾಯ್ದೆ ಜಿಲ್ಲಾಧಿಕಾರಿಯನ್ನೇ ನಿಷೇಧಾಧಿಕಾರಿ ಎಂದು ಪರಿಗಣಿಸುತ್ತದೆ. ಸಂಘಟಕರಿಂದ ಜೋಡಿಗಳ ಪಟ್ಟಿಯನ್ನು ಎಂಟು ದಿನ ಮುಂಚೆ ತರಿಸಿ, ಮೂಲ ದಾಖಲೆ ನೋಡಿ, ಪಟ್ಟಿಯ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು ಸಹಿ ಹಾಕಬೇಕು. ಗೆರೆ ಎಳೆಯದಿದ್ದರೆ ಅಂದು ಬೆಳಿಗ್ಗೆ ಎರಡು ಜೋಡಿ ಹೆಚ್ಚಾಗುತ್ತವೆ.

ಲಗ್ನವೊಂದು ನಡೆಯಬೇಕಾದರೆ ಎಷ್ಟು ವೃತ್ತಿಯವರ ಕೈ ಬೇಕು ಎಂದು ಒಮ್ಮೆ ಎಣಿಸಿ ನೋಡಬೇಕು. ಪತ್ರಿಕೆ ಅಚ್ಚು ಹಾಕುವವರು, ಹಂದರದವರು, ಅಡುಗೆಯವರು, ಫೋಟೊದವರು, ಜಂಗಮರೋ ಪುರೋಹಿತರೋ ಖಾಜಿಗಳೋ. ಕಾಯ್ದೆಯ 10 ಮತ್ತು 11ನೇ ಕಲಮುಗಳು ಮಾಡಿಸಿದವರನ್ನು, ಪ್ರೋತ್ಸಾಹಿಸಿದವರನ್ನು, ಹಾಜರಿದ್ದು ಪಾಲ್ಗೊಂಡವರನ್ನೂ ಸೇರಿಸಿಕೊಳ್ಳುತ್ತವೆ. ಇವರಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬಂದವರು ಅಡುಗೆಯವರು. ಪತ್ರಿಕೆ ಅಚ್ಚಾಗದ ಲಗ್ನಗಳಿವೆ, ಹುಗ್ಗಿ ಇಲ್ಲದ ಲಗ್ನ ಇಲ್ಲ. ಋತು ಶುರುವಾಗುವ ಮೊದಲು ಹೋಬಳಿಯ ಅಡುಗೆಯವರನ್ನು, ಪಾತ್ರೆ ಬಾಡಿಗೆಯವರನ್ನು ಒಂದು ಸಲ ಕೂರಿಸಿ ಮಾತಾಡಿದರೆ ತಾರೀಖುಗಳು ತಾನಾಗಿ ಗೊತ್ತಾಗುತ್ತವೆ. 'ನಮ್ಮ ಹೆಸ್ರು ಮಾತ್ರ ಹೇಳಬ್ಯಾಡ್ರಿ' ಎನ್ನುತ್ತಾರೆ. ಹೇಳುವುದಿಲ್ಲ.

ಹಂದರ ಬಿಚ್ಚಿದ ಮೇಲಿನ ಕೆಲಸಕ್ಕೆ ಫೋಟೊ ಇರುವುದಿಲ್ಲ. ಮೂರನೇ ದಿನ, ಹದಿನೈದನೇ ದಿನ, ಆಮೇಲೆ ತಿಂಗಳಿಗೊಮ್ಮೆ, ಹದಿನೆಂಟು ತುಂಬುವ ತನಕ, ಹುಡುಗಿಯನ್ನು ಕಣ್ಣಾರೆ ನೋಡಬೇಕು. ಅಪ್ಪ ಫೋನಿನಲ್ಲಿ 'ಆರಾಮ ಇದ್ದಾಳ್ರಿ' ಅಂದಿದ್ದು ಲೆಕ್ಕಕ್ಕಿಲ್ಲ. ನೋಡುವ ಜಾಗ ಮನೆಯಲ್ಲ, ಸಾಲಿ. ಜೂನ್ ಮೊದಲ ವಾರ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೀಟು ಬಿದ್ದಿದೆಯೇ ಎಂಬುದು ಮುಖ್ಯ. ಎಂಟನೇ ಇಯತ್ತೆ ಊರಿನಲ್ಲಿ ಮುಗಿದು ಹೈಸ್ಕೂಲು ಎಂಟು ಕಿಲೋಮೀಟರ್ ಆಚೆ ಇದ್ದರೆ ಅಲ್ಲೇ ಎಳೆ ಕಡಿಯುತ್ತದೆ. 2023ರ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ರೊಕ್ಕದ ಮಾತು ಹೋಯಿತು, ಸಾಲಿಯ ಹೊತ್ತಿಗೆ ಬಸ್ಸು ಬರುತ್ತದೆಯೇ ಎಂಬ ಮಾತು ಉಳಿಯಿತು. ಡಿಪೋ ವ್ಯವಸ್ಥಾಪಕರಿಗೆ ಬರೆದ ಪತ್ರದ ಪ್ರತಿಯೂ ಬಾಲ್ಯವಿವಾಹದ ಕಡತದಲ್ಲಿರಬೇಕು ಎಂಬುದು ನಮ್ಮ ಅಭಿಪ್ರಾಯ, ನಗುವವರು ನಗಲಿ. ಅರ್ಹತೆ ಇದ್ದರೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಅರ್ಜಿಯನ್ನು ಮುಚ್ಚಳಿಕೆ ಬರೆಸಿದ ವಾರದಲ್ಲೇ ತುಂಬಿಸಬೇಕು. ತಡವಾದರೆ ಆ ಮನೆಯವರು ಗುಳೆ ಹೋಗಿರುತ್ತಾರೆ, ಸಹಿ ಸಿಗುವುದಿಲ್ಲ.

ತಪ್ಪಿಸಿಕೊಂಡು ನಡೆದ ಲಗ್ನ ಬೆಳಕಿಗೆ ಬರುವುದು ಬಹುಪಾಲು ವರನ ಊರಿನಲ್ಲಿ. ಆಶಾ ಕಾರ್ಯಕರ್ತೆಯ ಅರ್ಹ ದಂಪತಿ ರಿಜಿಸ್ಟರಿನಲ್ಲಿ ಹೊಸ ಹೆಸರು ಬರುತ್ತದೆ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಾಯಿ ಕಾರ್ಡ್ ಮಾಡಿಸುವಾಗ. ಅಲ್ಲಿ ನಡೆಯುವ ಒಂದು ಸಣ್ಣ ತಪ್ಪು ಉಳಿದೆಲ್ಲಕ್ಕಿಂತ ದೊಡ್ಡದು: ವಯಸ್ಸಿನ ಕಾಲಂನಲ್ಲಿ 19 ಎಂದು ಬರೆಯುವುದು. ಅತ್ತೆ ಹೇಳಿದಳು, ಇವರು ಬರೆದರು. ಹದಿನಾರರ ಬಸುರಿ ಅಪಾಯದ ಬಸುರಿ. ಹೆಚ್ಚು ಸಲ ಕರೆದು ನೋಡಬೇಕು, ರಕ್ತದ ಹಿಮೋಗ್ಲೋಬಿನ್ ಮಟ್ಟ 7 ಗ್ರಾಮಿಗಿಂತ ಕೆಳಗಿಳಿದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಹೆರಿಗೆ ತಜ್ಞರಿರುವ ಕಡೆಯೇ ಆಗಬೇಕು. 19 ಎಂದು ಬರೆದ ಕ್ಷಣದಲ್ಲಿ ಅವಳು ಸಾಮಾನ್ಯರ ಸಾಲಿಗೆ ಸೇರಿ, ಈ ಕಾವಲು ತಪ್ಪಿಹೋಗುತ್ತದೆ.

19 ಬರೆಯುವ ಕೈ ಕೆಟ್ಟದ್ದೆಂದು ಹೇಳಲಾರೆವು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಹದಿನೆಂಟರ ಒಳಗಿನ ಹುಡುಗಿ ಬಸುರಿ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ 6 ತಿಂಗಳವರೆಗೆ ಜೈಲು ಅಥವಾ ದಂಡ. ಗಂಡನೇ ಆದರೂ ಅಪರಾಧ ಅಪರಾಧವೇ, 2017ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಖಚಿತಪಡಿಸಿತು, 2024ರ ಜುಲೈನಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲೂ ಹಾಗೇ ಇದೆ. ಆದರೆ ಒಂದು ಊರಿನಲ್ಲಿ ಒಂದು ಕೇಸು ಆಯಿತೆಂದರೆ ಮುಂದಿನ ಬಸುರಿಯರು ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ, ಸೂಲಗಿತ್ತಿಯ ಕೈಗೆ ಹೋಗುತ್ತಾರೆ. ಈ ಭಯ ನಿಜ. ನಾವು ಕಂಡುಕೊಂಡ ಕ್ರಮ ಇಷ್ಟೇ: ಮೊದಲು ಚಿಕಿತ್ಸೆ ಮತ್ತು ಅಪಾಯದ ಗುರುತು, ಅದೇ ದಿನ ಲಿಖಿತ ಮಾಹಿತಿ, ಅದರ ಸ್ವೀಕೃತಿ ರೋಗಿಯ ಕಡತದಲ್ಲಿ. ಗರ್ಭಪಾತಕ್ಕೆ ಬಂದವಳಾದರೆ, ಅವಳೂ ಪೋಷಕರೂ ಕೋರಿದಲ್ಲಿ ಹೆಸರು, ಗುರುತು ಬಿಟ್ಟು ಮಾಹಿತಿ ಕೊಡಬಹುದೆಂದು 2022ರ ಸುಪ್ರೀಂ ಕೋರ್ಟ್ ತೀರ್ಪು ವೈದ್ಯರಿಗೆ ಅವಕಾಶ ಕೊಟ್ಟಿದೆ. ಇದು ಗೊತ್ತಿರುವ ವೈದ್ಯರು ಧೈರ್ಯವಾಗಿ ಕೆಲಸ ಮಾಡುತ್ತಾರೆ, ಗೊತ್ತಿಲ್ಲದವರು 'ಬೇರೆ ಕಡೆ ತೋರಿಸ್ರಿ' ಎಂದು ಚೀಟಿ ಕೊಡುತ್ತಾರೆ. ಆ ಬೇರೆ ಕಡೆ ಎಂದರೆ ಯಾವುದೋ ಮೆಡಿಕಲ್ ಅಂಗಡಿಯ ಗುಳಿಗೆ.

ಕಡತ ಮುಚ್ಚುವ ತಾರೀಖು ಮೊದಲ ಪುಟದಲ್ಲೇ ಬರೆದಿರಬೇಕು, ಬಹುಪಾಲು ಕಡತಗಳಲ್ಲಿ ಅದು ಜೂನ್ 1. ಅಂದು ಮೂರು ಕಾಗದ ನೋಡುತ್ತೇವೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಭಾಗ್ಯಲಕ್ಷ್ಮಿ ಬಾಂಡಿನ ಹಣಕ್ಕೆ ಹಾಕಿದ ಅರ್ಜಿಯ ಸ್ವೀಕೃತಿ, ಮತ್ತು ಅವಳೊಬ್ಬಳ ಹೆಸರಿನಲ್ಲಿರುವ ಬ್ಯಾಂಕ್ ಪಾಸ್‌ಬುಕ್. ಪಾಸ್‌ಬುಕ್ ಅಪ್ಪನ ಜೊತೆ ಜಂಟಿ ಖಾತೆಯದಾಗಿದ್ದರೆ ಕಡತ ಮುಚ್ಚುವುದಿಲ್ಲ. ಆ ಹಣ ಮುಂದಿನ ಹಂದರಕ್ಕೇ ಹೋಗುತ್ತದೆ, ಅದರ ತಾರೀಖು ಅಷ್ಟರಲ್ಲಿ ಅಡುಗೆಯವರಿಗೆ ಗೊತ್ತಿರುತ್ತದೆ.